ಕದಿಯೋದಾದ್ರೆ ಕದೀರಿ, ಮಾಲೂರಿನ ಹೆಸರು ಎತ್ತಬೇಡಿ

ಪುಸ್ತಕದ ಪಿಡಿಎಫ್ ಹಂಚುವವರ ಹತ್ತಿರ ಒಂದು ಬ್ರಹ್ಮಾಸ್ತ್ರ ಇದೆ. "ಎಲ್ರೂ ಬೆಂಗ್ಳೂರಲ್ಲೇ ಇರ್ತಾರಾ ಸ್ವಾಮಿ? ಪುಸ್ತಕದಂಗಡಿಯೇ ಇಲ್ಲದ ಊರಲ್ಲಿರೋ ಬಡ ಹುಡುಗ ಏನು ಓದ್ಬೇಕು?" ಇಷ್ಟು ಹೇಳಿದರೆ ಮುಗೀತು. ಎದುರಿಗಿರೋ ಲೇಖಕ ತಾನೇ ಏನೋ ಅಪರಾಧ ಮಾಡಿದವನ ಹಾಗೆ ಸುಮ್ಮನಾಗಿಬಿಡ್ತಾನೆ. ಬಡ ಹುಡುಗನ ಓದು ಕಸಿಯೋ ಪಾಪ ಯಾರಿಗೆ ಬೇಕು ಹೇಳಿ?

ನಾನು ಆ ಪುಸ್ತಕದಂಗಡಿ ಇಲ್ಲದ ಊರಿನವನು. ಮಾಲೂರು, ಕೋಲಾರ ಜಿಲ್ಲೆ. ಹಾಗಾಗಿ ಈ ವಿಷಯದಲ್ಲಿ ನನಗೂ ನಾಲ್ಕು ಮಾತಾಡೋ ಹಕ್ಕಿದೆ ಅಂದ್ಕೊಂಡು ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ತಗೊಂಡು ಕೂತ್ಕೊಳ್ಳಿ.

ನನ್ನ ಕೆಲಸ ವೈಟ್‌ಫೀಲ್ಡ್ ಕಡೆ. ಬಂಗಾರಪೇಟೆಯಿಂದ ಬರೋ ರೈಲು ಹತ್ತಿದರೆ ದೇವನಗೊಂದಿ ಆದಮೇಲೆ ವೈಟ್‌ಫೀಲ್ಡೇ. ಕೆಲವು ತಿಂಗಳ ಹಿಂದೆ ಆಫೀಸಿನಲ್ಲಿ ಗೆಳೆಯನೊಬ್ಬ ಬಂದು ಕೇಳಿದ.

"ಮಗಾ, ಆ ಕಾದಂಬರಿ ಪಿಡಿಎಫ್ ಸಿಕ್ತು ಕಣೋ, ಕಳಿಸ್ಲಾ?"

"ಅಂಗಡೀಲಿ ಇದ್ಯಲ್ಲೋ. ಇನ್ನೂರ ಎಂಬತ್ತು ರೂಪಾಯಿ."

"ನಾನೇನೋ ತಗೋಬೋದು. ನಿಮ್ಮೂರಂಥ ಕಡೆ ಇರೋರ ಕಥೆ ಏನು? ಓದೋದು ಎಲ್ರಿಗೂ ಸಿಗ್ಬೇಕಪ್ಪ."

ಹೀಗಂತ ಹೇಳುವಾಗ ಅವನ ಕೈಲಿದ್ದ ಕಾಫಿಯ ಬೆಲೆ ಇನ್ನೂರ ನಲವತ್ತು. ಆ ಪಿಡಿಎಫ್ ಅವನಿಗೆ ಯಾವ ಟೆಲಿಗ್ರಾಂ ಗುಂಪಿನಿಂದ ಬಂತೋ, ಅವನಿಂದ ಇನ್ನೆಷ್ಟು ಜನಕ್ಕೆ ಹೋಯ್ತೋ ನನಗೆ ಗೊತ್ತಿಲ್ಲ. ಆದರೆ ಅದು ಮಾಲೂರಿಗೆ ಮಾತ್ರ ಹೋಗಲಿಲ್ಲ. ಮಾರತ್‌ಹಳ್ಳಿಗೆ ಹೋಯ್ತು, ಮೈಸೂರಿಗೆ ಹೋಯ್ತು, ಬಹುಶಃ ನ್ಯೂ ಜೆರ್ಸಿಗೂ ಹೋಗಿರಬಹುದು. ಪಾಪ, ಎಲ್ಲರೂ ಬಡವರೇ!

ಮಾಲೂರಿನ ಓದುಗ ಹೇಗಿರ್ತಾನೆ ಅಂತ ಇವರು ನೋಡಿಲ್ಲ, ಅದಕ್ಕೇ ಹೇಳ್ತೀನಿ. ನನ್ನ ಚಿಕ್ಕಮ್ಮನ ಮಗಳು ಸೆಕೆಂಡ್ ಪಿಯು. ಮನೆಯಲ್ಲಿ ತೆಲುಗು, ಕಾಲೇಜಲ್ಲಿ ಕನ್ನಡ. ನಮ್ಮ ಕಡೆ ಇದು ತೀರಾ ಮಾಮೂಲು. ಮನೆಗೆ ಇರೋದು ಒಂದೇ ಒಳ್ಳೆ ಫೋನು, ಅದು ಚಿಕ್ಕಪ್ಪನದು. ಅವರು ಹೆಂಚಿನ ಫ್ಯಾಕ್ಟರಿಯಿಂದ ಬರೋದು ರಾತ್ರಿ ಎಂಟೂವರೆಗೆ. ಅವಳಿಗೂ ಯಾರೋ ಒಂದು ಕಾದಂಬರಿಯ ಪಿಡಿಎಫ್ ಕಳಿಸಿದ್ದರಂತೆ. ಎಂಬತ್ತು ಎಂಬಿ. ಎರಡೆರಡು ಪುಟ ಒಟ್ಟಿಗೆ ಸ್ಕ್ಯಾನ್ ಮಾಡಿದ್ದು, ನಡುವೆ ಯಾರದೋ ಹೆಬ್ಬೆರಳು. ಆ ಪುಟ್ಟ ಸ್ಕ್ರೀನಿನಲ್ಲಿ ದೊಡ್ಡದು ಮಾಡಿಕೊಂಡು, ಒಂದೊಂದು ಸಾಲಿಗೂ ಎಡಕ್ಕೆ ಬಲಕ್ಕೆ ಎಳೆದು ಎಳೆದು ಹನ್ನೆರಡು ಪುಟ ಓದಿ ಕೈಬಿಟ್ಟಳು. ಆಮೇಲೆ ಅದೇ ಪುಸ್ತಕ ನಾನು ತಂದುಕೊಟ್ಟೆ. ನಾಲ್ಕು ದಿನಕ್ಕೆ ಮುಗಿಸಿದಳು. ಅವಳಿಂದ ಪಕ್ಕದ ಮನೆಯವರಿಗೆ, ಅವರಿಂದ ಕಾಲೇಜಿನ ಗೆಳತಿಗೆ ಹೋಗಿ ಈಗ ಆ ಪುಸ್ತಕ ಎಲ್ಲಿದೆಯೋ ದೇವರಿಗೇ ಗೊತ್ತು. ಒಂದು ಪ್ರತಿಯನ್ನ ಹತ್ತು ಜನ ಓದೋದು ಪೈರಸಿ ಅಲ್ಲ ಮಾರಾಯ್ರೆ. ಕಾನೂನೂ ಅದನ್ನ ತಡೆಯೋದಿಲ್ಲ, ಯಾವ ಲೇಖಕನೂ ಅದಕ್ಕೆ ಮುಖ ಸಿಂಡರಿಸೋದಿಲ್ಲ.

ಅಂದರೆ, ಸ್ಕ್ಯಾನ್ ಮಾಡಿದ ಪಿಡಿಎಫ್ ಚೆನ್ನಾಗಿ ಓದೋಕಾಗೋದು ದೊಡ್ಡ ಸ್ಕ್ರೀನು, ಟ್ಯಾಬ್ಲೆಟ್ಟು, ಮನೆಯಲ್ಲಿ ವೈಫೈ ಇರೋರಿಗೆ. ಅಂಥವರಿಗೆ ಇನ್ನೂರ ಎಂಬತ್ತು ರೂಪಾಯಿ ಯಾವ ಲೆಕ್ಕ? ಕಣ್ಣು ಕಾಣದವರಿಗಂತೂ ಈ ಸ್ಕ್ಯಾನು ಉಪಯೋಗಕ್ಕೇ ಬರಲ್ಲ, ಚಿತ್ರವನ್ನ ಸ್ಕ್ರೀನ್ ರೀಡರ್ ಓದೋದಿಲ್ಲ. ಅವರಿಗಾಗಿ ಕಾನೂನೇ ಬಾಗಿಲು ತೆರೆದಿದೆ. 2012ರ ಕಾಪಿರೈಟ್ ತಿದ್ದುಪಡಿಯ ಪ್ರಕಾರ ಅಂಗವಿಕಲರಿಗೆ ಬೇಕಾದ ರೂಪಕ್ಕೆ ಪುಸ್ತಕವನ್ನ ಲಾಭವಿಲ್ಲದೆ ಮಾಡಿಕೊಡೋಕೆ ಯಾರ ಅಪ್ಪಣೆಯೂ ಬೇಡ. ಇದೇ ವಿಷಯದ ಮರಕೇಶ್ ಒಪ್ಪಂದವನ್ನ ಜಗತ್ತಿನಲ್ಲಿ ಎಲ್ಲರಿಗಿಂತ ಮೊದಲು, 2014ರಲ್ಲಿ, ಅನುಮೋದಿಸಿದ ದೇಶ ನಮ್ಮದು. ಈ ಟೆಲಿಗ್ರಾಂ ದಾನಶೂರರಲ್ಲಿ ಎಷ್ಟು ಜನ ಕೂತು ಒಂದು ಕನ್ನಡ ಪುಸ್ತಕವನ್ನ ಅಂಥವರಿಗಾಗಿ ಟೈಪ್ ಮಾಡಿದ್ದಾರೆ? ಫಾರ್ವರ್ಡ್ ಒತ್ತೋದು ಸುಲಭ ಬಿಡಿ.

ಈಗ ಸ್ವಲ್ಪ ಲೆಕ್ಕ. ಕನ್ನಡದಲ್ಲಿ ಒಂದು ಪುಸ್ತಕ ಅಂದರೆ ಸಾಮಾನ್ಯವಾಗಿ ಸಾವಿರ ಪ್ರತಿ. ಈಚೆಗೆ ಐನೂರಕ್ಕೂ ಇಳಿದಿದೆ. ಮುಖಬೆಲೆ 200 ಅಂತಿಟ್ಟುಕೊಳ್ಳಿ. ಅಂಗಡಿಯವರಿಗೆ, ವಿತರಕರಿಗೆ ಮೂವತ್ತರಿಂದ ನಲವತ್ತು ಪರ್ಸೆಂಟ್ ಬಿಡಬೇಕು. ಲೇಖಕರಿಗೆ ಹತ್ತು ಪರ್ಸೆಂಟ್, ಅಂದರೆ ಪ್ರತಿಗೆ 20 ರೂಪಾಯಿ. ಸಾವಿರವೂ ಖರ್ಚಾದರೆ 20 ಸಾವಿರ. ಅದು ಖರ್ಚಾಗೋಕೆ ಎರಡು ಮೂರು ವರ್ಷ. ಬರೆಯೋಕೆ ಇನ್ನೆರಡು ವರ್ಷ. ನಮ್ಮ ಕಂಪನಿಗಳಲ್ಲಿ ಹೊಸದಾಗಿ ಸೇರಿದ ಹುಡುಗನ ಒಂದು ತಿಂಗಳ ಸಂಬಳ ಇದಕ್ಕಿಂತ ಜಾಸ್ತಿ. ಇಂಥದ್ದರಲ್ಲಿ ಇನ್ನೂರು ಜನ ಕೊಳ್ಳದೇ ಪಿಡಿಎಫ್ ಓದಿಬಿಟ್ಟರೆ ಪ್ರಕಾಶಕ ಎರಡನೇ ಮುದ್ರಣದ ಯೋಚನೆಯನ್ನೇ ಬಿಡ್ತಾನೆ. ಇಂಗ್ಲಿಷಿನಲ್ಲಿ ಲಕ್ಷಗಟ್ಟಲೆ ಮಾರೋ ಪುಸ್ತಕಕ್ಕೆ ಇನ್ನೂರು ಅನ್ನೋದು ಸೊಳ್ಳೆ ಕಡಿದ ಹಾಗೆ. ಕನ್ನಡದ ಸಾವಿರ ಪ್ರತಿಯ ಪುಸ್ತಕಕ್ಕೆ ಅದು ಐದನೇ ಒಂದು ಭಾಗ.

"ಪೈರಸಿಯಿಂದ ಪ್ರಚಾರ ಸಿಗುತ್ತೆ, ಪಾಲೊ ಕೊಯೆಲೊನೇ ತನ್ನ ಪುಸ್ತಕಗಳನ್ನ ಇಂಟರ್‌ನೆಟ್ಟಿನಲ್ಲಿ ಹಂಚಿದ್ದ" ಅಂತ ಒಬ್ಬರಾದರೂ ಹೇಳೇ ಹೇಳ್ತಾರೆ. ಹೌದು, ಹಂಚಿದ್ದ. *ತನ್ನ* ಪುಸ್ತಕಗಳನ್ನ. ನಿಮಗೂ ಅಷ್ಟು ಉದಾರತೆ ಇದ್ದರೆ ನೀವು ಬರೆದದ್ದನ್ನ ಹಂಚಿ, ಬೇಡ ಅಂದೋರು ಯಾರು? ಇನ್ನೊಂದು ಉದಾಹರಣೆ ನಮ್ಮ ಪಕ್ಕದ ಮುಳಬಾಗಿಲಿನದು. ಡಿವಿಜಿಯವರ ಕಗ್ಗ ಎಲ್ಲರ ವಾಟ್ಸಾಪಿನಲ್ಲೂ ದಿನಕ್ಕೊಂದರ ಹಾಗೆ ಬರುತ್ತೆ, ಆದರೂ ಪುಸ್ತಕ ಮಾರ್ತಾನೇ ಇದೆ ಅಂತಾರೆ. ನಿಜ. ಆದರೆ ಕಗ್ಗ 1943ರಲ್ಲಿ ಬಂದದ್ದು, ಉಡುಗೊರೆ ಕೊಡೋಕೆ ಅಂತಲೇ ಜನ ಕೊಳ್ಳೋ ಪುಸ್ತಕ. ಮೊನ್ನೆ ಮೊದಲ ಕಥಾಸಂಕಲನ ತಂದ ಸಿರಾದ ಹುಡುಗಿಗೂ ಹಾಗೇ ಆಗುತ್ತೆ ಅಂತ ಯಾರು ಗ್ಯಾರಂಟಿ ಕೊಡ್ತೀರಿ?

ಫೋಟೊಕಾಪಿ ತೀರ್ಪನ್ನ ಎಳೆದು ತರೋರೂ ಇದ್ದಾರೆ. ದೆಹಲಿ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ಜೆರಾಕ್ಸ್ ಅಂಗಡಿಯ ಮೇಲೆ 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮತ್ತೆ ಟೇಲರ್ ಅಂಡ್ ಫ್ರಾನ್ಸಿಸ್ ಕೇಸು ಹಾಕಿದ್ದವು. 2016ರಲ್ಲಿ ದೆಹಲಿ ಹೈಕೋರ್ಟು ವಿದ್ಯಾರ್ಥಿಗಳ ಪರವಾಗಿ ತೀರ್ಪು ಕೊಟ್ಟಿತು. ಬಹಳ ಒಳ್ಳೆಯ ತೀರ್ಪು, ನಾನು ಪೂರಾ ಅದರ ಪರ. ಆದರೆ ಅದು ಪಾಠಕ್ಕೆ ಬೇಕಾದ ಅಧ್ಯಾಯಗಳನ್ನ ಜೋಡಿಸಿ ಕೊಡೋ ವಿಷಯ. ಭಾನುವಾರ ಮಧ್ಯಾಹ್ನ ಮಲಗಿಕೊಂಡು ಓದೋ ಕಾದಂಬರಿಗೆ ಅದನ್ನ ಅಡ್ಡ ಹಿಡೀಬೇಡಿ.

ಇನ್ನು ಫುಟ್‌ಪಾತಿನ ನಕಲಿ ಪ್ರತಿ ಬಗ್ಗೆ ಹೆಚ್ಚು ಹೇಳೋದೇನಿಲ್ಲ. ಚೆನ್ನಾಗಿ ಮಾರೋ ಪುಸ್ತಕವನ್ನ ಹಾಗೇ ಸ್ಕ್ಯಾನ್ ಮಾಡಿ, ತೆಳು ಕಾಗದದಲ್ಲಿ ಒತ್ತಿ, ಅರ್ಧ ಬೆಲೆಗೆ ಮಾರೋದು ಶುದ್ಧ ಕಳ್ಳತನ. ಅದರಲ್ಲಿ ಬಡ ಓದುಗನ ಸೇವೆ ಏನೂ ಇಲ್ಲ, ಇರೋದು ವ್ಯಾಪಾರ. ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ ಎರಡು ಲಕ್ಷ ದಂಡ. ಪೊಲೀಸರು ತಾವಾಗಿಯೇ ಕೇಸು ಹಾಕಬಹುದಾದ, ಜಾಮೀನಿಲ್ಲದ ಅಪರಾಧ ಇದು ಅಂತ ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ಇಷ್ಟು ಸಾಕು.

ಇಲ್ಲಿಗೆ ನಿಲ್ಲಿಸಿದರೆ ನಮ್ಮ ಲೇಖಕ-ಪ್ರಕಾಶಕ ಗೆಳೆಯರು ಚಪ್ಪಾಳೆ ತಟ್ಟಿ, "ಭೇಷ್ ಮಾಲೂರು!" ಅಂತ ಬೆನ್ನು ತಟ್ಟಿ ಹೋಗ್ತಾರೆ. ತಡೀರಿ, ನಿಮ್ಮ ಸರದಿ ಈಗ ಶುರು.

ಪಿಡಿಎಫ್ ಕೇಳಿದವರನ್ನೆಲ್ಲ ಒಂದೇ ಉಸಿರಿಗೆ ಕಳ್ಳರು ಅಂತ ಬೈತೀರಲ್ಲ, ಮಾಲೂರಿನಲ್ಲಿ ನಿಂತು ನಿಮ್ಮ ಪುಸ್ತಕ ಎಲ್ಲಿ ಕೊಳ್ಳಬೇಕು ಅಂತ ಯಾವತ್ತಾದರೂ ಯೋಚನೆ ಮಾಡಿದ್ದೀರಾ? ನಮ್ಮೂರಲ್ಲಿ ಪುಸ್ತಕದಂಗಡಿ ಅಂದರೆ ನೋಟ್‌ಬುಕ್ಕು, ಗೈಡು, ಪರೀಕ್ಷೆ ರಟ್ಟು, ಗಣೇಶನ ಹಬ್ಬಕ್ಕೆ ಬಣ್ಣದ ಕಾಗದ. ಇದು ಯಾರ ತಾಲ್ಲೂಕು ಅಂತ ನೆನಪಿಸ್ತೀನಿ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ತಾಲ್ಲೂಕು! 1891ರಲ್ಲಿ ಅವರು ಹುಟ್ಟಿದ್ದು ಇದೇ ಮಾಲೂರು ತಾಲ್ಲೂಕಿನಲ್ಲಿ. ಮಾಸ್ತಿ ಗ್ರಾಮದಲ್ಲಿ ಅವರ ಮನೆಯೇ ಈಗ ಗ್ರಂಥಾಲಯ. 1983ರ ಜ್ಞಾನಪೀಠ ಸಿಕ್ಕಿದ್ದು 'ಚಿಕವೀರ ರಾಜೇಂದ್ರ'ಕ್ಕೆ ಅಂತ ನಮ್ಮೂರಿನ ಐದನೇ ಕ್ಲಾಸಿನ ಮಕ್ಕಳೂ ಕ್ವಿಜ್‌ನಲ್ಲಿ ಹೇಳ್ತಾರೆ. ಆ ಪುಸ್ತಕ ಕೊಳ್ಳಬೇಕು ಅಂದರೆ ರೈಲು ಹತ್ತಿ ಬೆಂಗಳೂರಿಗೆ ಹೋಗ್ಬೇಕು.

ಗಡಿನಾಡಲ್ಲಿ ಕನ್ನಡ ಉಳಿಸಬೇಕು ಅಂತ ಪ್ರತಿ ನವೆಂಬರಿನಲ್ಲಿ ಶಾಲು ಹೊದ್ದು ಭಾಷಣ ಮಾಡ್ತಾರೆ. ನಮ್ಮ ತಾಲ್ಲೂಕಿನ ಆಚೆಗೆ ಹೊಸೂರು, ತಮಿಳುನಾಡು. ಮನೆಯಲ್ಲಿ ತೆಲುಗೋ ತಮಿಳೋ ಮಾತಾಡಿ, ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಕಥೆ ಓದೋ ಹುಡುಗಿಗೆ ನಾಲ್ಕು ಪುಸ್ತಕ ತಲುಪಿಸೋದಕ್ಕಿಂತ ದೊಡ್ಡ ಗಡಿ ಕೆಲಸ ಇನ್ಯಾವುದಿದೆ? ಗಳಗನಾಥರು ತಮ್ಮ ಪುಸ್ತಕಗಳನ್ನ ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು ಅಂತ ಎಲ್ಲ ಸಭೆಯಲ್ಲೂ ಹೇಳ್ತೀರಿ. ಹೇಳಿ ಗಾಂಧಿಬಜಾರಿನಲ್ಲೇ ಇನ್ನೊಂದು ಪುಸ್ತಕ ಬಿಡುಗಡೆ ಮಾಡ್ತೀರಿ.

"ಆನ್‌ಲೈನಲ್ಲಿ ತರಿಸ್ಕೊಳ್ಳಿ" ಅಂತೀರಾ? ತರಿಸ್ತೀವಿ. 120 ರೂಪಾಯಿಯ ಪುಸ್ತಕಕ್ಕೆ ಕೊರಿಯರ್ 60 ರೂಪಾಯಿ. ಹಿಂದೆ ಅಂಚೆ ಇಲಾಖೆಯ ರಿಜಿಸ್ಟರ್ಡ್ ಬುಕ್ ಪೋಸ್ಟ್ ಇತ್ತು, ಸಣ್ಣ ಪ್ರಕಾಶಕರಿಗೆ ಅದೇ ಜೀವ. 2024ರ ಡಿಸೆಂಬರಿನಲ್ಲಿ ಅದನ್ನ ಸದ್ದಿಲ್ಲದೆ ನಿಲ್ಲಿಸಿದರು. 2025ರ ಮೇ ಒಂದರಿಂದ ಜ್ಞಾನ ಪೋಸ್ಟ್ ಅಂತ ಶುರುವಾಗಿದೆ. 300 ಗ್ರಾಂವರೆಗೆ 20 ರೂಪಾಯಿ, ಐದು ಕೇಜಿಗೆ 100, ಮೇಲೆ ತೆರಿಗೆ. ಇಪ್ಪತ್ತು ರೂಪಾಯಿಗೆ ಪುಸ್ತಕ ಮಾಲೂರಿಗೆ ಬರೋ ದಾರಿ ಇದ್ದೂ ಪುಸ್ತಕ ಮಾರೋ ವೆಬ್‌ಸೈಟುಗಳಲ್ಲಿ ಎಷ್ಟು ಕಡೆ ಆ ಆಯ್ಕೆ ಕಾಣುತ್ತೆ ಅಂತ ಒಮ್ಮೆ ನೋಡಿ.

ಇ-ಪುಸ್ತಕದ ಕಥೆ ಇನ್ನೂ ಬೇಜಾರಿನದು. 2016ರ ಡಿಸೆಂಬರಿನಲ್ಲಿ ಅಮೆಜಾನ್ ಕಿಂಡಲ್ಲಿಗೆ ಭಾರತೀಯ ಭಾಷೆಗಳು ಬಂದವು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಇರಲಿಲ್ಲ. ಆಮೇಲೆ ಗೂಗಲ್ ಪ್ಲೇ ಬುಕ್ಸ್ ಇದೆ, ಮೈಲ್ಯಾಂಗ್ ಬಂತು, ಒಳ್ಳೆಯದೇ ಆಯ್ತು. ಆದರೆ ಇ-ಪುಸ್ತಕ ಮಾಡಿ ಅಂತ ಪ್ರಕಾಶಕರನ್ನ ಕೇಳಿದರೆ ಹೇಳೋ ಕಾರಣ ಕೇಳಿ ನನ್ನಂಥ ಕಂಪ್ಯೂಟರ್ ಜೀವಿಗಳಿಗೆ ನಗಬೇಕೋ ಅಳಬೇಕೋ ತಿಳಿಯಲ್ಲ. ಪುಸ್ತಕ ಕಂಪೋಸ್ ಆಗಿರೋದು ಪೇಜ್‌ಮೇಕರಿನಲ್ಲಿ, ಅಕ್ಷರ ನುಡಿಯದೋ ಶ್ರೀಲಿಪಿಯದೋ, ಯೂನಿಕೋಡ್ ಅಲ್ಲವೇ ಅಲ್ಲ. ಕಂಪ್ಯೂಟರಿನ ಕಣ್ಣಿಗೆ ಅದು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹಾಗಾಗಿ ಫೋನಿನ ಅಗಲಕ್ಕೆ ತಾನಾಗಿ ಹೊಂದಿಕೊಳ್ಳೋ ಇ-ಪುಸ್ತಕ ಮಾಡೋಕಾಗಲ್ಲ, ಹುಡುಕೋಕಾಗಲ್ಲ. ಇದನ್ನ ಯೂನಿಕೋಡಿಗೆ ಬದಲಾಯಿಸೋ ಸಲಕರಣೆಗಳು ಎಷ್ಟೋ ವರ್ಷದಿಂದ ಪುಕ್ಕಟೆ ಸಿಗ್ತಿವೆ. ಬದಲಾಯಿಸಿ ಒಂದು ಸಲ ಕೂತು ತಿದ್ದಿದರೆ ಆಯ್ತು. ಆ ಒಂದು ವಾರದ ಕೆಲಸ ಮಾಡದೆ, ಯಾವನೋ ಮೊಬೈಲಲ್ಲಿ ಫೋಟೋ ಹೊಡೆದು ಪಿಡಿಎಫ್ ಮಾಡಿದ ಅಂತ ಬೊಬ್ಬೆ ಹೊಡೆದರೆ ಹೇಗೆ? ನೀವು ಅಂಗಡಿಯನ್ನೇ ತೆರೆದಿಲ್ಲ, ಕಳ್ಳ ಮಾತ್ರ ರಾತ್ರಿಯೆಲ್ಲಾ ತೆರೆದಿಟ್ಟಿದ್ದಾನೆ.

ಇದೆಲ್ಲ ಕೊಳ್ಳಬಲ್ಲವರ ಮಾತಾಯ್ತು. ನಿಜವಾಗಿ ಕೊಳ್ಳಲಾರದವರಿಗೆ ದಾರಿ ಯಾವುದು? ಪಿಡಿಎಫ್ ಅಲ್ಲ, ಗ್ರಂಥಾಲಯ. ಇದು ಹೊಸ ಮಾತೇನಲ್ಲ. 1965ರಲ್ಲೇ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದಿದೆ. ನೀವು ನಾನು ಕಟ್ಟೋ ಆಸ್ತಿ ತೆರಿಗೆಯ ಮೇಲೆ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಸೆಸ್ ಇದೆ. ರಸೀದಿ ತೆಗೆದು ನೋಡಿ, ಅದರಲ್ಲಿ ಬರೆದಿರುತ್ತೆ. ಜನರಿಂದ ವಸೂಲಾದ ಈ ಹಣ ಗ್ರಂಥಾಲಯ ಇಲಾಖೆಗೆ ಪೂರಾ ಹೋಗೋದಿಲ್ಲ. ಬೆಂಗಳೂರಿನ ಪಾಲಿಕೆ ಬಿಬಿಎಂಪಿಯಾಗಿದ್ದಾಗ ನೂರಾರು ಕೋಟಿ ಬಾಕಿ ಉಳಿಸಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರ್ತಿತ್ತು. ಓದುಗರ ದುಡ್ಡು ಅದು! ಒಂದು ಪಿಡಿಎಫ್ ಇಪ್ಪತ್ತು ರೂಪಾಯಿಯ ಕಳ್ಳತನ ಆದರೆ ಇದನ್ನ ಏನಂತ ಕರೀಬೇಕು? ಇದರ ಬಗ್ಗೆ ಲೇಖಕರು ಒಟ್ಟಾಗಿ ಬೀದಿಗೆ ಇಳಿದದ್ದು ನಾನಂತೂ ಕಂಡಿಲ್ಲ. ಬೀದಿಗೆ ಇಳಿಯೋದು ಸಗಟು ಖರೀದಿ ತಡವಾದಾಗ.

ಸಗಟು ಖರೀದಿ ಅಂದ್ನಲ್ಲ, ಅದನ್ನೂ ನೋಡೋಣ. ಆಯ್ಕೆಯಾದ ಪುಸ್ತಕದ ಪ್ರತಿಗಳನ್ನ ಇಲಾಖೆ ಒಟ್ಟಿಗೆ ಕೊಳ್ಳುತ್ತೆ, ಸಾಮಾನ್ಯವಾಗಿ 300 ಪ್ರತಿ. ರಾಜ್ಯದಲ್ಲಿ ಇರೋ ಗ್ರಾಮ ಪಂಚಾಯಿತಿಗಳು ಆರು ಸಾವಿರದ ಹತ್ತಿರ. ಜಿಲ್ಲಾ ಕೇಂದ್ರ, ನಗರ ಗ್ರಂಥಾಲಯ ಯಾವುದಕ್ಕೂ ಒಂದೂ ಕೊಡದೆ ಎಲ್ಲವನ್ನೂ ಹಳ್ಳಿಗೇ ಹಂಚಿದರೂ ಇಪ್ಪತ್ತು ಪಂಚಾಯಿತಿಗೆ ಒಂದು ಪ್ರತಿ! ಟೇಕಲ್ ಕಡೆಯವನು ಮಾಸ್ತಿ ಕಡೆಯವನನ್ನ ಕೇಳಿಕೊಂಡು ಓದಬೇಕು. ಅದೂ ಪುಸ್ತಕ ಬಂದು ಎಷ್ಟೋ ವರ್ಷ ಆದಮೇಲೆ. ಇಲ್ಲಿ ಪ್ರಕಾಶಕರ ಗೋಳು ಸುಳ್ಳಲ್ಲ, ಹಣ ಬರೋದೂ ತಡ. ಆದರೆ ಯೋಜನೆ ಪ್ರಕಾಶಕರ ಬಿಲ್ಲಿಗಾಗಿ ಮಾತ್ರ ಇದೆಯೋ ಓದುಗನಿಗಾಗಿಯೂ ಇದೆಯೋ ಅನ್ನೋ ಪ್ರಶ್ನೆ ಯಾರೂ ಕೇಳಲ್ಲ.

ಒಳ್ಳೆಯದನ್ನೂ ಹೇಳ್ಬೇಕು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು. 2020ರಲ್ಲಿ 'ಓದುವ ಬೆಳಕು' ಅಂತ ಶುರುಮಾಡಿ ಹಳ್ಳಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಅರಿವು ಕೇಂದ್ರ ಅನ್ನೋ ಹೆಸರು ಬಂತು, ಗೋಡೆಗೆ ಬಣ್ಣ ಬಂತು, ಹಲವು ಕಡೆ ಕಂಪ್ಯೂಟರೂ ಬಂತು. ಮಕ್ಕಳು ನಿಜವಾಗಲೂ ಬರ್ತಾರೆ, ನಾನೇ ಕಣ್ಣಾರೆ ನೋಡಿದ್ದೀನಿ. ಕಪಾಟಿನಲ್ಲಿ ಏನಿದೆ ಅಂತ ನೋಡಿದರೆ ಅರ್ಧ ಸ್ಪರ್ಧಾತ್ಮಕ ಪರೀಕ್ಷೆ. ತಪ್ಪಲ್ಲ, ಕೆಲಸ ಬೇಕಲ್ಲ. ಆದರೆ ಕಥೆ ಪುಸ್ತಕ ಕೇಳೋ ಹುಡುಗಿಗೆ ಕೊಡೋಕೆ ಹೆಚ್ಚೇನಿಲ್ಲ.

ಅಂಗಡಿಯಲ್ಲೂ ಇಲ್ಲ, ಗ್ರಂಥಾಲಯದಲ್ಲೂ ಇಲ್ಲ, ಪ್ರಕಾಶಕರ ಹತ್ತಿರವೂ ಇಲ್ಲ, ಅಂಥ ಪುಸ್ತಕಗಳದ್ದು ಬೇರೆಯೇ ಪ್ರಶ್ನೆ. ನನಗೆ ಅತ್ಯಂತ ಸಿಟ್ಟು ಬರೋದು ಇಲ್ಲಿ. ಅನಕೃ ಹುಟ್ಟಿದ್ದು ಕೋಲಾರದಲ್ಲಿ. ನೂರಕ್ಕೂ ಹೆಚ್ಚು ಕಾದಂಬರಿ ಬರೆದು, ಓದದವರನ್ನೂ ಓದೋಕೆ ಹಚ್ಚಿದ ಮನುಷ್ಯ. ನಮ್ಮಮ್ಮ ಹುಡುಗಿಯಾಗಿದ್ದಾಗ ಬಾಡಿಗೆ ಲೈಬ್ರರಿಯಿಂದ ದಿನಕ್ಕೆ ನಾಲ್ಕಾಣೆ ಕೊಟ್ಟು ಅವರನ್ನೂ ತ್ರಿವೇಣಿಯವರನ್ನೂ ಓದಿದವರು. ಈಗ ಆ ನೂರರಲ್ಲಿ ಅಂಗಡಿಗೆ ಹೋಗಿ ಎಷ್ಟು ಕೊಳ್ಳಬಹುದು? ಉಳಿದವಕ್ಕೆ ಕಾಪಿರೈಟ್ ಅನ್ನೋ ಬೀಗ. ನಮ್ಮ ಕಾನೂನಿನ ಪ್ರಕಾರ ಲೇಖಕ ತೀರಿಕೊಂಡ ಮೇಲೆ 60 ವರ್ಷ. ಮೊದಲು 50 ಇತ್ತು. ಟ್ಯಾಗೋರರ ಕೃತಿಗಳು 1991ರ ಕೊನೆಗೆ ಮುಕ್ತವಾಗಿಬಿಡ್ತಿದ್ದವು, ಅದನ್ನ ತಪ್ಪಿಸೋಕೆ ಅಂತ 1992ರ ತಿದ್ದುಪಡಿಯಲ್ಲಿ ಹತ್ತು ವರ್ಷ ಸೇರಿಸಿದರು. ಅಲ್ಲಿ ಯಾರಿಗೋ ಲಾಭ ಆಗಿರಬಹುದು, ಕನ್ನಡದ ಹಳೆ ಪುಸ್ತಕಕ್ಕೆ ಸಿಕ್ಕಿದ್ದು ಹತ್ತು ವರ್ಷ ಹೆಚ್ಚಿನ ಧೂಳು. ಅನಕೃ 1971ರಲ್ಲಿ ಹೋದರು, ಅವರ ಪುಸ್ತಕ ಮುಕ್ತವಾಗೋದು 2032ಕ್ಕೆ. ಡಿವಿಜಿ 2036ಕ್ಕೆ. ನಮ್ಮ ಮಾಸ್ತಿ 2047ಕ್ಕೆ. ಮುದ್ರಣದಲ್ಲಿ ಇಲ್ಲದ ಪುಸ್ತಕದಿಂದ ಅಷ್ಟು ವರ್ಷ ವಾರಸುದಾರರಿಗೆ ಒಂದು ಪೈಸೆ ಬರಲ್ಲ, ಓದುಗನಿಗೆ ಒಂದು ಪುಟ ಸಿಗಲ್ಲ. ಇಂಥ ಪುಸ್ತಕವನ್ನ ಯಾರೋ ಪುಣ್ಯಾತ್ಮ ಸ್ಕ್ಯಾನ್ ಮಾಡಿ ಉಳಿಸಿದರೆ ಅವನನ್ನ, ನಿನ್ನೆ ಬಿಡುಗಡೆಯಾದ ಕಾದಂಬರಿ ಹಂಚಿದವನ ಪಕ್ಕದಲ್ಲಿ ನಿಲ್ಲಿಸಿ ಕಳ್ಳ ಅಂತ ಕರೆಯೋಕೆ ನನಗೆ ಬಾಯಿ ಬರಲ್ಲ.

ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ನೆನಪಿದೆಯಾ? ಟಾಟಾ ಇನ್‌ಸ್ಟಿಟ್ಯೂಟಿನವರು ಮುಂದಾಳತ್ವ ವಹಿಸಿ ಸಾವಿರಾರು ಕನ್ನಡ ಪುಸ್ತಕ ಸ್ಕ್ಯಾನ್ ಮಾಡಿಸಿದ್ದರು. ಹೆಸರುಗಳೆಲ್ಲ ಇಂಗ್ಲಿಷಿನಲ್ಲಿ, ಅದೂ ಬಾಯಿಗೆ ಬಂದ ಕಾಗುಣಿತ. ಬೇಕಾದ್ದು ಹುಡುಕೋದು ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದ ಹಾಗೆ. ಸಂಚಯದ ಗೆಳೆಯರು ಆ ಹೆಸರುಗಳನ್ನ ಜನರ ಕೈಲಿ ಕನ್ನಡಕ್ಕೆ ತಿದ್ದಿಸಿ ಹುಡುಕೋ ಹಾಗೆ ಮಾಡಿದರು. ಆಮೇಲೆ ಕಾಪಿರೈಟ್ ತಕರಾರೆದ್ದು ಆ ತಾಣ ಮುಚ್ಚಿತು. ಪುಸ್ತಕಗಳು ಇಂಟರ್‌ನೆಟ್ ಆರ್ಕೈವಿನಲ್ಲಿ ಉಳಿದುಕೊಂಡಿದ್ದರಿಂದ ಬಚಾವು.

ಕದಿಯದೇನೇ ಬೀಗ ತೆಗೆಯೋ ದಾರಿಗಳೂ ಇವೆ. 2014ರಲ್ಲಿ ನಿರಂಜನರ ಕುಟುಂಬದವರು ಅವರ 55 ಪುಸ್ತಕಗಳನ್ನ ಕ್ರಿಯೇಟಿವ್ ಕಾಮನ್ಸ್ ಅಡಿಯಲ್ಲಿ ಮುಕ್ತವಾಗಿ ಬಿಟ್ಟುಕೊಟ್ಟರು. ಅದೇ ವರ್ಷ ಮೈಸೂರು ವಿಶ್ವವಿದ್ಯಾಲಯ ಕನ್ನಡ ವಿಶ್ವಕೋಶವನ್ನೂ ಹಾಗೇ ಬಿಡ್ತು. ಆಮೇಲೆ ಎಷ್ಟು ಜನ ಆ ದಾರಿ ಹಿಡಿದರು? ಬೆರಳೆಣಿಕೆ. ನಮ್ಮ ಪಕ್ಕದ ತಮಿಳುನಾಡಿನಲ್ಲಿ ಭಾರತಿಯವರ ಹಕ್ಕುಗಳನ್ನ 1949ರಲ್ಲೇ ಸರ್ಕಾರ ತಗೊಂಡಿತು. ಆಮೇಲೆ ಎಷ್ಟೋ ಲೇಖಕರ ಕುಟುಂಬಕ್ಕೆ ಹಣ ಕೊಟ್ಟು ಕೃತಿಗಳನ್ನ ರಾಷ್ಟ್ರೀಕರಣ ಮಾಡಿದೆ. ಕಲ್ಕಿಯವರದ್ದು 1999ರಲ್ಲಿ ಆಯ್ತು. ಅದಕ್ಕೇ 'ಪೊನ್ನಿಯಿನ್ ಸೆಲ್ವನ್' ಅಲ್ಲಿ ಹತ್ತಾರು ಪ್ರಕಾಶಕರ ಹತ್ತಿರ ಅಗ್ಗಕ್ಕೆ ಸಿಗುತ್ತೆ, ಪುಕ್ಕಟೆಯೂ ಓದಬಹುದು. ವಾರಸುದಾರರಿಗೆ ದುಡ್ಡು, ಓದುಗನಿಗೆ ಪುಸ್ತಕ. ಮಾಲೂರಿನಿಂದ ಹೊಸೂರು ಒಂದು ಗಂಟೆ ಹಾದಿ. ಅಲ್ಲಿ ಆಗೋದು ಇಲ್ಲಿ ಯಾಕಾಗಬಾರದು? ಸಮ್ಮೇಳನದ ಊಟಕ್ಕೆ ಸುರಿಯೋ ದುಡ್ಡಿನಲ್ಲಿ ಅನಕೃ ಒಬ್ಬರದ್ದಾದರೂ ಆಗ್ತಿರಲಿಲ್ವಾ?

ತ್ರಿವೇಣಿಯವರು 1963ರಲ್ಲಿ ತೀರಿಕೊಂಡರು, ಅವರ ಕಾದಂಬರಿಗಳು 2024ರ ಜನವರಿ ಒಂದರಿಂದ ಎಲ್ಲರ ಸ್ವತ್ತು. ದೇವುಡು ಅವರದ್ದು ಅದಕ್ಕೆ ಒಂದು ವರ್ಷ ಮೊದಲೇ ಮುಕ್ತವಾಗಿವೆ. ಇವನ್ನ ನೀವು ಟೈಪ್ ಮಾಡಿ, ಅಚ್ಚು ಹಾಕಿ, ಹಂಚಿ, ಯಾರೂ ಕೇಳೋ ಹಾಗಿಲ್ಲ. ಇನ್ನೂ ಒಂದಿದೆ, ಇದನ್ನ ಬಹಳ ಜನ ಗಮನಿಸಿಲ್ಲ. ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕವಾದರೆ, ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯವೊಂದು ತನ್ನ ಉಪಯೋಗಕ್ಕೆ ಮೂರು ಪ್ರತಿಯವರೆಗೆ ನಕಲು ಮಾಡಿಕೊಳ್ಳಬಹುದು ಅಂತ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನಿನಲ್ಲೇ ಇದೆ. ಅಂದರೆ ಮುದ್ರಣ ನಿಂತುಹೋದ ಅನಕೃ ಕಾದಂಬರಿಯೊಂದನ್ನ ಕೋಲಾರ ಜಿಲ್ಲೆಯ ಯಾವುದೇ ಸಾರ್ವಜನಿಕ ಗ್ರಂಥಾಲಯ ಇವತ್ತೇ ನಕಲು ಮಾಡಿ ಕಪಾಟಿಗೆ ಇಡಬಹುದು. ಒಬ್ಬ ಗ್ರಂಥಪಾಲಕರಿಗೆ ಇದನ್ನ ಹೇಳಿದಾಗ ಅವರು ನನ್ನನ್ನ ನೋಡಿದ ರೀತಿ ಇದೆಯಲ್ಲ, ಬಿಡಿ. "ಆಡಿಟ್‌ನಲ್ಲಿ ಕೇಳಿದ್ರೆ ಯಾರ್ ಉತ್ರ ಕೊಡ್ತಾರೆ ಸಾರ್?" ಅಂದರು.

ಇದನ್ನ ಓದ್ತಿರೋರಲ್ಲಿ ಪುಸ್ತಕ ಪ್ರಕಟಿಸಿದವರು ಸಾಕಷ್ಟು ಜನ ಇದ್ದೀರಿ. ನಿಮ್ಮ ಮೊದಲ ಪುಸ್ತಕದ ಪ್ರತಿಗಳು ಮುಗಿದಿದ್ದರೆ, ಪ್ರಕಾಶಕರು ಮತ್ತೆ ಹಾಕಲ್ಲ ಅಂದಿದ್ದರೆ, ಹಕ್ಕು ನಿಮ್ಮ ಹತ್ತಿರವೇ ಇದೆಯಾ ಅಂತ ಮೊದಲು ಕರಾರುಪತ್ರ ತೆಗೆದು ನೋಡಿ. ಇದ್ದರೆ ಆ ಪೇಜ್‌ಮೇಕರ್ ಫೈಲು ನನಗೆ ಕಳಿಸಿ. ನುಡಿ ಇರಲಿ, ಶ್ರೀಲಿಪಿ ಇರಲಿ, ಯೂನಿಕೋಡಿಗೆ ತಂದು, ಒತ್ತು-ಅರ್ಕಾವತ್ತು ಎಲ್ಲ ಸರಿಮಾಡಿ, ಫೋನಿನಲ್ಲಿ ಓದೋ ಹಾಗೆ ಮಾಡಿಕೊಡ್ತೀನಿ. ಮಾರೋದೋ ಸುಮ್ಮನೆ ಕೊಡೋದೋ ನಿಮ್ಮಿಷ್ಟ. ದುಡ್ಡು ಬೇಡ. ರೈಲಿನಲ್ಲಿ ಸೀಟು ಸಿಕ್ಕ ದಿನ ಹತ್ತು ಪುಟ ಆಗುತ್ತೆ, ಶನಿವಾರ ಭಾನುವಾರ ಇನ್ನೂ ಜಾಸ್ತಿ.